ಒಂದೇ ಬೇಸಿಗೆ ಬಾಳುವ ಸಂಗೀತ: ಡ್ರಮ್ ಕೋರ್ ಕುರಿತು ಓದುಗರ ಪ್ರಶ್ನೆಗಳು

ಮೂವತ್ತು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಮೈಸೂರಿಗೆ ಮರಳಿದ ನನಗೆ ಅಲ್ಲಿಯ ಯಾವುದು ಹೆಚ್ಚು ನೆನಪಾಗುತ್ತದೆ ಎಂದು ಎರಡು ಸಂಚಿಕೆಗಳ ಹಿಂದೆ ಓದುಗರೊಬ್ಬರು ಕೇಳಿದ್ದರು. ‘ಡ್ರಮ್ ಕೋರ್ ಸ್ಪರ್ಧೆಗಳು’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಈ ಅಂಕಣದಲ್ಲಿ ನಾನು ವಿಸ್ತಾರವಾಗಿ ಬರೆದ ಯಾವ ಉತ್ತರಕ್ಕೂ ಬಂದಿಲ್ಲ. ಸಂಪಾದಕರ ಒಪ್ಪಿಗೆ ಪಡೆದು ಈ ಸಲದ ಪುಟಗಳನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡ್ರಮ್ ಕಾರ್ಪ್ಸ್ ಎಂದರೆ ಏನು? ದಸರೆಯಲ್ಲಿ ನಾವು ನೋಡುವ ಪೊಲೀಸ್ ಬ್ಯಾಂಡಿನಂತೆಯೇ ಅಲ್ಲವೇ? (ಓದುಗರು, ಹಾಸನ)

ಉತ್ತರ: ಮೊದಲು ಉಚ್ಚಾರಣೆಯನ್ನು ಸರಿಪಡಿಸಿಕೊಳ್ಳೋಣ. ‘ಕಾರ್ಪ್ಸ್’ ಎಂದರೆ ಇಂಗ್ಲಿಷಿನಲ್ಲಿ ಹೆಣದ ನೆನಪಾಗುತ್ತದೆ. ಅಲ್ಲಿಯವರು ಕೊನೆಯ ಎರಡು ಅಕ್ಷರಗಳನ್ನು ನುಂಗಿ ‘ಕೋರ್’ ಎನ್ನುತ್ತಾರೆ, ದಳ ಎಂಬ ಅರ್ಥದಲ್ಲಿ.

ಡ್ರಮ್ ಕೋರ್‌ನಲ್ಲಿ ಹಿತ್ತಾಳೆಯ ಊದುವ ವಾದ್ಯಗಳು, ಚರ್ಮವಾದ್ಯಗಳು ಮತ್ತು ಬಾವುಟ, ಮರದ ಬಂದೂಕು, ಕತ್ತಿಗಳನ್ನು ಆಡಿಸುತ್ತ ಕುಣಿಯುವ ‘ಕಲರ್ ಗಾರ್ಡ್’ ಎಂಬ ಪಂಗಡ ಇರುತ್ತವೆ. ಕ್ಲಾರಿನೆಟ್, ಸ್ಯಾಕ್ಸೋಫೋನ್, ಕೊಳಲುಗಳಿಗೆ ಇಲ್ಲಿ ಪ್ರವೇಶವಿಲ್ಲ. ನೂರು ಗಜ ಉದ್ದದ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ, ಹನ್ನೊಂದು ಹನ್ನೆರಡು ನಿಮಿಷಗಳ ಕಾಲ, ಒಂದು ಕ್ಷಣವೂ ಹಾಳೆ ನೋಡದೆ, ನುಡಿಸುತ್ತ ಓಡುತ್ತ ಬಾಗುತ್ತ ನೂರೈವತ್ತಕ್ಕೂ ಹೆಚ್ಚು ಹುಡುಗ ಹುಡುಗಿಯರು ಒಂದು ಪ್ರದರ್ಶನ ನೀಡುತ್ತಾರೆ. ನಾನು ನೋಡಲು ಆರಂಭಿಸಿದಾಗ ಈ ಸಂಖ್ಯೆಯ ಮಿತಿ 128 ಇತ್ತು. ಪೊಲೀಸ್ ಬ್ಯಾಂಡು ಮೆರವಣಿಗೆಯಲ್ಲಿ ನಮ್ಮ ಮುಂದೆ ಹಾದುಹೋಗುತ್ತದೆ, ನಮಗೆ ಸಿಗುವುದು ಅದರ ಹಾಡಿನ ಒಂದು ತುಣುಕು. ಇಲ್ಲಿ ಪ್ರೇಕ್ಷಕ ಎತ್ತರದಲ್ಲಿ ಕುಳಿತಿರುತ್ತಾನೆ, ತಂಡ ಅವನ ಕಣ್ಣೆದುರಿಗೇ ರಂಗೋಲಿ ಹಾಕಿ ಅಳಿಸಿ ಮತ್ತೆ ಹಾಕುತ್ತಿರುತ್ತದೆ. ವಿಜಯದಶಮಿಯ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿದವರಿಗೆ ಈ ರಂಗೋಲಿಯ ಮಾತು ಬೇಗ ಅರ್ಥವಾದೀತು.

ಹುಟ್ಟು ಸೈನ್ಯದ ಕಡೆಯಿಂದಲೇ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಊರೂರಿನಲ್ಲಿ ಕಹಳೆ ಮತ್ತು ಡ್ರಮ್ಮುಗಳ ದಳಗಳನ್ನು ಕಟ್ಟಿದವು. ಆಮೇಲೆ ಚರ್ಚುಗಳೂ ಸ್ಕೌಟ್ ದಳಗಳೂ ಮಕ್ಕಳ ತಂಡಗಳನ್ನು ಕಟ್ಟಿದವು. ದಶಕಗಳ ಕಾಲ ಸ್ಪರ್ಧೆಯ ನಿಯಮಗಳೆಲ್ಲ ಆ ಮಾಜಿ ಸೈನಿಕರ ಸಂಘಗಳ ಕೈಯಲ್ಲಿದ್ದವು. ಅದರಿಂದ ಬೇಸತ್ತ ಕೆಲವು ತಂಡಗಳ ನಿರ್ದೇಶಕರು, ಮುಖ್ಯವಾಗಿ ಷಿಕಾಗೋದ ಕ್ಯಾವಲಿಯರ್ಸ್ ತಂಡದ ಡಾನ್ ವಾರನ್ ಮತ್ತು ವಯೋಮಿಂಗ್ ರಾಜ್ಯದ ಟ್ರೂಪರ್ಸ್ ತಂಡದ ಜಿಮ್ ಜೋನ್ಸ್, ಸೇರಿಕೊಂಡು ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಎಂಬ ಸ್ವತಂತ್ರ ಸಂಸ್ಥೆಯನ್ನು ಕಟ್ಟಿದರು. ಅಭಿಮಾನಿಗಳ ಬಾಯಲ್ಲಿ ಅದು ಡಿಸಿಐ. ಅದರ ಮೊದಲ ಅಂತಿಮ ಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ ನಡೆಯಿತು, ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು.

ಪ್ರಶ್ನೆ: ಕನ್ನಡದವರಾದ ತಮಗೆ ಈ ಗೀಳು ಅಂಟಿಕೊಂಡದ್ದು ಹೇಗೆ? (ಓದುಗರು, ತಿಪಟೂರು)

ಉತ್ತರ: ಶಬ್ದದ ಬೆನ್ನು ಹತ್ತಿ ಹೋಗಿ ಸಿಕ್ಕಿಬಿದ್ದೆ. 1989ರ ಜೂನ್ ತಿಂಗಳು, ಸಾಂತಾ ಕ್ಲಾರಾಕ್ಕೆ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಸಂಜೆ ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಿರುಗಾಡಲು ಹೊರಟವನಿಗೆ ಎರಡು ಬೀದಿಯಾಚೆಯಿಂದ ಒಂದು ಸ್ವರ ಕೇಳಿಸಿತು. ಹಾಡಲ್ಲ, ಒಂದೇ ಸ್ವರ. ತಂಬೂರಿಯ ಷಡ್ಜವನ್ನು ಅರವತ್ತು ಎಪ್ಪತ್ತು ಹಿತ್ತಾಳೆಯ ಕೊಳವೆಗಳಲ್ಲಿ ಊದಿದರೆ ಹೇಗಿರಬಹುದೋ ಹಾಗೆ. ಶಾಲೆಯೊಂದರ ಮೈದಾನದ ತಂತಿಬೇಲಿಗೆ ಮುಖ ಒತ್ತಿ ನಿಂತೆ. ಒಳಗೆ ಹದಿನೇಳು ಹದಿನೆಂಟರ ಮಕ್ಕಳು ಅರ್ಧಚಂದ್ರಾಕಾರವಾಗಿ ನಿಂತು ಊದುತ್ತಿದ್ದರು. ಬಿಳಿಗೆರೆಯ ಅಂಚಿನಲ್ಲಿ ಗ್ಯಾಲನ್ ಅಳತೆಯ ನೀರಿನ ಡಬ್ಬಿಗಳು ಸಾಲಾಗಿ ಕುಳಿತಿದ್ದವು, ಒಂದೊಂದರ ಮೇಲೂ ಮಸಿಯಲ್ಲಿ ಬರೆದ ಹೆಸರು. ಡ್ರಮ್ ಬಾರಿಸುವವರ ಬೆರಳುಗಳಿಗೆಲ್ಲ ಬಿಳಿ ಪಟ್ಟಿ ಸುತ್ತಿತ್ತು. ಗಾಯದ ಮೇಲೊಂದು, ಗಾಯವಾಗಬಾರದೆಂದು ಇನ್ನೊಂದು.

ಆಮೇಲೆ ಅವರು ಎಂಟು ಏಟುಗಳ ಒಂದು ತುಣುಕನ್ನು ನಡೆಯುತ್ತ ನುಡಿಸಿದರು. ಏಣಿಯ ಮೇಲೆ ನಿಂತಿದ್ದ ಶಿಕ್ಷಕರು ‘ಮತ್ತೊಮ್ಮೆ’ ಎಂದರು. ಎಲ್ಲರೂ ಹಿಂದಿನ ಜಾಗಕ್ಕೆ ಓಡಿದರು, ಮತ್ತೆ ಅದೇ ಎಂಟು ಏಟು. ಮತ್ತೊಮ್ಮೆ. ಮುಕ್ಕಾಲು ಗಂಟೆ ಅದೇ ನಡೆಯಿತು. ಇವರಿಗೆ ಹುಚ್ಚು ಹಿಡಿದಿದೆ ಎಂದುಕೊಂಡೆ. ಅಷ್ಟು ಹೊತ್ತೂ ನಿಂತೇ ಇದ್ದವನಿಗೆ ಏನೆನ್ನಬೇಕೆಂದು ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು.

ಆ ತಂಡ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್. 1967ರಲ್ಲಿ ಗೇಲ್ ರಾಯರ್ ಎಂಬ ಸಂಗೀತ ಶಿಕ್ಷಕರ ನೇತೃತ್ವದಲ್ಲಿ ಆರಂಭವಾದ ದಳ. 1985ರಿಂದ 1988ರವರೆಗೆ ಸತತ ನಾಲ್ಕು ವರ್ಷ ಅದು ಎರಡನೆಯ ಸ್ಥಾನಕ್ಕೇ ನಿಂತಿತ್ತು, ಅದರಲ್ಲಿ ಎರಡು ಸಲ ಅದನ್ನು ಹಿಂದೆ ತಳ್ಳಿದ್ದು ಗಾರ್ಫೀಲ್ಡ್ ಕೆಡೆಟ್ಸ್, ಮುಂದೆ ಬರೀ ಕೆಡೆಟ್ಸ್ ಎನಿಸಿಕೊಂಡ ತಂಡ. 1989ರ ಆಗಸ್ಟಿನಲ್ಲಿ ಕಾನ್ಸಾಸ್ ಸಿಟಿಯಲ್ಲಿ ವ್ಯಾನ್‌ಗಾರ್ಡ್ ಗೆದ್ದಿತು. ನಾನು ಬೇಲಿಯ ಹೊರಗೆ ನಿಂತು ಕೇಳಿದ ಎಂಟು ಏಟುಗಳು ಆ ಪ್ರದರ್ಶನದ ಯಾವ ಭಾಗದವೆಂದು ಹುಡುಕಲು ಅದರ ವಿಡಿಯೊ ಕ್ಯಾಸೆಟ್ ತರಿಸಿದೆ. ಸಿಕ್ಕಿತು. ಪರದೆಯ ಮೇಲೆ ಅದು ಮೂರು ಸೆಕೆಂಡುಗಳಲ್ಲಿ ಕಳೆದುಹೋಗುತ್ತದೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಯಕ್ಷಗಾನದ ಒಂದು ಪ್ರಸಂಗವನ್ನು ಈ ವರ್ಷ ನೋಡಲಾಗದಿದ್ದರೆ ಮುಂದಿನ ವರ್ಷ ಬೇರೆ ಮೇಳದಲ್ಲಿ ನೋಡಬಹುದು. ಡ್ರಮ್ ಕೋರ್‌ನ ಪ್ರದರ್ಶನ ಹಾಗಲ್ಲ. ಚಳಿಗಾಲದ ಶಿಬಿರಗಳಲ್ಲಿ ಹುಟ್ಟಿ, ಮೇ ತಿಂಗಳ ಕೊನೆಯಿಂದ ದಿನಕ್ಕೆ ಹತ್ತು ಹನ್ನೆರಡು ಗಂಟೆ ತಿದ್ದಿಸಿಕೊಂಡು, ಊರಿಂದೂರಿಗೆ ಬಸ್ಸಿನಲ್ಲಿ ಅಲೆದು, ಆಗಸ್ಟಿನ ಎರಡನೆಯ ವಾರದ ಒಂದು ಶನಿವಾರ ರಾತ್ರಿ ಅದು ಪೂರ್ಣವಾಗುತ್ತದೆ, ಆ ರಾತ್ರಿಯೇ ಮುಗಿದೂ ಹೋಗುತ್ತದೆ. ಮರುದಿನದಿಂದ ಆ ಸಂಗೀತವನ್ನು ಆ ನಡೆಯಲ್ಲಿ ಯಾರೂ ನುಡಿಸುವುದಿಲ್ಲ.

ಪ್ರಶ್ನೆ: ಸಂಗೀತಕ್ಕೆ ದಶಾಂಶದಲ್ಲಿ ಅಂಕ ಕೊಡುವುದು ಹಾಸ್ಯಾಸ್ಪದವಲ್ಲವೇ? (ಸಂಗೀತ ಶಿಕ್ಷಕಿ, ಧಾರವಾಡ)

ಉತ್ತರ: ಹಾಸ್ಯಾಸ್ಪದವೇ. ಆದರೂ ಪ್ರತಿ ಬೇಸಿಗೆಯಲ್ಲಿ ಅಂಕಪಟ್ಟಿಗಾಗಿ ರಾತ್ರಿ ಹನ್ನೊಂದರವರೆಗೆ ಎದ್ದಿರುತ್ತಿದ್ದವನು ನಾನು, ಆದ್ದರಿಂದ ಈ ಪ್ರಶ್ನೆಗೆ ನನ್ನ ಉತ್ತರವನ್ನು ಸ್ವಲ್ಪ ಅನುಮಾನದಿಂದಲೇ ಓದಿ.

1984ಕ್ಕಿಂತ ಮುಂಚಿನ ಪದ್ಧತಿಯನ್ನು ‘ಟಿಕ್’ ಎನ್ನುತ್ತಿದ್ದರು. ತಂಡವು ಪೂರ್ಣ ಅಂಕಗಳೊಂದಿಗೆ ಮೈದಾನಕ್ಕೆ ಇಳಿಯುತ್ತಿತ್ತು. ತೀರ್ಪುಗಾರರು ಕೈಯಲ್ಲಿ ಹಲಗೆ ಹಿಡಿದು ಸಾಲುಗಳ ನಡುವೆಯೇ ಓಡಾಡುತ್ತ, ಒಂದು ಏಟು ತಪ್ಪಿದರೆ, ಒಂದು ಕಾಲು ಹಿಂದಾದರೆ, ಒಂದು ಗೀಟು ಎಳೆಯುತ್ತಿದ್ದರು. ಗೀಟೊಂದಕ್ಕೆ ಅಂಕದ ಹತ್ತನೆಯ ಒಂದು ಭಾಗ ಕಡಿತ. ನಮ್ಮ ಹಳೆಯ ಕಾಲದ ಮೇಷ್ಟರುಗಳ ಉಕ್ತಲೇಖನದ ಲೆಕ್ಕ. ಇದರಿಂದ ಶುದ್ಧಿ ಬೆಳೆಯಿತು, ಧೈರ್ಯ ಕುಗ್ಗಿತು. ಕಷ್ಟದ್ದನ್ನು ಪ್ರಯತ್ನಿಸಿ ಎಡವುವುದಕ್ಕಿಂತ ಸುಲಭವಾದದ್ದನ್ನು ಶುದ್ಧವಾಗಿ ಮಾಡುವುದು ಲಾಭದ ವ್ಯವಹಾರವಾಗಿತ್ತು. 1984ರಿಂದ ಸೊನ್ನೆಯಿಂದ ಮೇಲಕ್ಕೆ ಅಂಕ ಕಟ್ಟುವ ಪದ್ಧತಿ ಬಂದಿತು. ಈಗ ನೂರರಲ್ಲಿ ನಲವತ್ತು ಅಂಕ ಒಟ್ಟು ಪರಿಣಾಮಕ್ಕೆ, ಮೂವತ್ತು ಸಂಗೀತಕ್ಕೆ, ಮೂವತ್ತು ದೃಶ್ಯಕ್ಕೆ. ಇದುವರೆಗಿನ ಅತಿ ಹೆಚ್ಚು ಅಂಕ 2014ರಲ್ಲಿ ಕಾಂಕರ್ಡ್ ನಗರದ ಬ್ಲೂ ಡೆವಿಲ್ಸ್ ಪಡೆದ 99.650. ಇಪ್ಪತ್ತೊಂದು ಸಲ ಗೆದ್ದ ತಂಡ ಅದು. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ, ಆದರೂ ಆ ಮನೆಯಲ್ಲಿ ಅದರ ಹೆಸರನ್ನು ಹಬ್ಬದ ದಿನ ಎತ್ತುತ್ತಿರಲಿಲ್ಲ.

ಇನ್ನು ದಶಾಂಶದ ಅಂತರಗಳ ವಿಷಯ. 2008ರಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್ನಿನಲ್ಲಿ ಫ್ಯಾಂಟಮ್ ರೆಜಿಮೆಂಟ್ 98.125, ಬ್ಲೂ ಡೆವಿಲ್ಸ್ 98.100. ಈ 0.025 ಎಂಬುದು ಮನುಷ್ಯರ ಕಿವಿ ಅಳೆದದ್ದಲ್ಲ. ಹಲವು ತೀರ್ಪುಗಾರರ ಅಂಕಗಳನ್ನು ಸರಾಸರಿ ತೆಗೆದಾಗ ಉಳಿದ ಚೂರು. ಆ ರಾತ್ರಿ ಕ್ರೀಡಾಂಗಣದಲ್ಲಿದ್ದ ನಾನು, ಅಂಕ ಪ್ರಕಟವಾದಾಗ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಮುದುಕರನ್ನು ತಬ್ಬಿಕೊಂಡೆ. ಅವರು ಬ್ಲೂ ಡೆವಿಲ್ಸ್ ಕಡೆಯವರೆಂದು ಆಮೇಲೆ ಗೊತ್ತಾಯಿತು. 1996, 1999, 2000 ಈ ಮೂರು ವರ್ಷಗಳಲ್ಲಿ ಇಬ್ಬಿಬ್ಬರು ಸಮಸಮವಾಗಿ ಗೆದ್ದದ್ದೂ ಉಂಟು, ಆಗ ಯಾರ ಮನೆಯೂ ಮುಳುಗಲಿಲ್ಲ.

ನನ್ನ ಮನಸ್ಸಿನಲ್ಲಿ ಇನ್ನೂ ಬಗೆಹರಿಯದೆ ಉಳಿದ ತೀರ್ಪು ಒಂದೇ, 1993ರದು. ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಕೆಡೆಟ್ಸ್ 97.4 ಪಡೆದು ಗೆದ್ದಿತು, ಸ್ಟಾರ್ ಆಫ್ ಇಂಡಿಯಾನಾ 97.3ಕ್ಕೆ ನಿಂತಿತು. ಬಾರ್ಬರ್ ಮತ್ತು ಬಾರ್ಟೋಕ್ ಎಂಬ ಪಾಶ್ಚಾತ್ಯ ರಚನಕಾರರ ಸಂಗೀತವನ್ನು ಇಟ್ಟುಕೊಂಡು ಸ್ಟಾರ್ ಮಾಡಿದ ಆ ಪ್ರದರ್ಶನದಲ್ಲಿ ಚಪ್ಪಾಳೆಗೆಂದು ಬಿಟ್ಟ ಜಾಗಗಳೇ ಇರಲಿಲ್ಲ. ದೇಹಗಳ ಚಲನೆ, ಮೌನ, ಚೂಪಾದ ಸ್ವರಗಳು, ಅಷ್ಟೆ. ನೆಲದ ಮೇಲೆ ಸಾಲಾಗಿ ನಿಂತು ಗಟ್ಟಿಯಾಗಿ ಊದುವುದಕ್ಕೆ ಅಭಿಮಾನಿಗಳು ‘ಪಾರ್ಕ್ ಆ್ಯಂಡ್ ಬಾರ್ಕ್’, ಅಂದರೆ ನಿಂತು ಬೊಗಳುವುದು, ಎನ್ನುತ್ತಾರೆ. ಪ್ರೇಕ್ಷಕರಿಗೆ ಅದು ಬಹಳ ಪ್ರಿಯ, ನನಗೂ ಪ್ರಿಯ, ಅದು ಸಿಗಲಿಲ್ಲವೆಂದು ಆಗ ಎಷ್ಟೋ ಜನ ಗೊಣಗಿದರು. ಕ್ಯಾಸೆಟ್ಟಿನಲ್ಲಿ ಮೊದಲ ಸಲ ನೋಡಿದಾಗ ನಾನೂ ಗೊಣಗಿದೆ. ಮೂರನೆಯ ಸಲ ನೋಡಿದಾಗ ಸುಮ್ಮನಾದೆ. ಇಂದು ಯಾವ ತಂಡವನ್ನು ನೋಡಿದರೂ ಅದರಲ್ಲಿ ಆ ಪ್ರದರ್ಶನದ ರಕ್ತ ಹರಿಯುವುದು ಕಾಣುತ್ತದೆ. ಆ ವರ್ಷದ ನಂತರ ಸ್ಟಾರ್ ಸ್ಪರ್ಧೆಯನ್ನೇ ತೊರೆದು ರಂಗಭೂಮಿಗೆ ಹೊರಳಿತು. ಅದರಿಂದ ಹುಟ್ಟಿದ ‘ಬ್ಲಾಸ್ಟ್’ ಎಂಬ ಪ್ರದರ್ಶನ 2001ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರ ತಲುಪಿ ಟೋನಿ ಎಂಬ ರಂಗಭೂಮಿಯ ಪ್ರಶಸ್ತಿ ಪಡೆಯಿತು.

ಪ್ರಶ್ನೆ: ನಮ್ಮ ಡೊಳ್ಳಿನ ತಂಡದಲ್ಲಿ ಹದಿನಾರು ಜನರಿದ್ದರೂ ತಾಳ ಹಿಡಿಯುವುದು ಕಷ್ಟ. ಅಷ್ಟು ದೊಡ್ಡ ಮೈದಾನದಲ್ಲಿ ನೂರೈವತ್ತು ಜನ ಹೇಗೆ ಹಿಡಿಯುತ್ತಾರೆ? (ಡೊಳ್ಳು ಕಲಾವಿದರು, ಶಿವಮೊಗ್ಗ ಜಿಲ್ಲೆ)

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು, ಏಕೆಂದರೆ ಬಾರಿಸುವವರು ಮಾತ್ರ ಕೇಳಬಲ್ಲ ಪ್ರಶ್ನೆ.

ಡೊಳ್ಳು ಕುಣಿತದಲ್ಲಿ ನೀವು ಹೆಚ್ಚಾಗಿ ಸುತ್ತುಗಟ್ಟಿ ನಿಲ್ಲುತ್ತೀರಿ. ಒಬ್ಬರ ಕೋಲು ಇನ್ನೊಬ್ಬರಿಗೆ ಕಾಣುತ್ತದೆ, ತಾಳದವನು ನಡುವೆಯೋ ಪಕ್ಕದಲ್ಲೋ ಇರುತ್ತಾನೆ, ದೂರವೆಂದರೆ ನಾಲ್ಕು ಮಾರು. ಡ್ರಮ್ ಕೋರ್‌ನಲ್ಲಿ ಎಲ್ಲರ ಮುಖವೂ ಬಹುಪಾಲು ಪ್ರೇಕ್ಷಕರ ಕಡೆಗೆ. ಮೈದಾನದ ಹಿಂದಿನ ಗೆರೆಯಿಂದ ಮುಂದಿನ ಗೆರೆಗೆ ಸುಮಾರು 49 ಮೀಟರ್. ಅಷ್ಟು ದೂರ ಸಾಗಲು ಶಬ್ದಕ್ಕೆ ಹೆಚ್ಚುಕಡಿಮೆ 0.14 ಸೆಕೆಂಡು ಬೇಕು. ನಿಮಿಷಕ್ಕೆ 180 ಏಟುಗಳ ವೇಗದಲ್ಲಿ ಒಂದು ಏಟಿಗೂ ಇನ್ನೊಂದಕ್ಕೂ ಇರುವ ಅವಧಿ 0.33 ಸೆಕೆಂಡು. ಎಂದರೆ ಹಿಂದೆ ಬಾರಿಸಿದ ಏಟು ಮುಂದಿನವರ ಕಿವಿಗೆ ಬೀಳುವಷ್ಟರಲ್ಲಿ ಮುಂದಿನ ಏಟಿನ ಅರ್ಧದಾರಿ ಹತ್ತಿರಹತ್ತಿರ ಸವೆದಿರುತ್ತದೆ. ಮುಂದಿರುವವರೂ ಹಿಂದಿರುವವರೂ ಡ್ರಮ್ ಮೇಜರ್ ಎಂಬ ನಾಯಕರ ಕೈಯನ್ನೇ ನೋಡಿ ನುಡಿಸಿದರೆ ಮೇಲೆ ಕುಳಿತ ಪ್ರೇಕ್ಷಕನಿಗೆ ಎರಡು ಹಾಡು ಕೇಳಿಸುತ್ತವೆ.

ಅದಕ್ಕೆ ಅವರು ಕಂಡುಕೊಂಡ ಉಪಾಯ ‘ಹಿಂದಕ್ಕೆ ಕೇಳು’ ಎಂಬುದು. ಡ್ರಮ್ಮಿನ ಸಾಲು ಸಾಮಾನ್ಯವಾಗಿ ಹಿಂದೆ, ನಡುವಿನಲ್ಲಿ ಇರುತ್ತದೆ. ನಾಯಕರ ಕೈಯೊಂದಿಗೆ ಕಾಲು ಕೂಡಿಸುವ ಹೊಣೆ ಅವರದು, ಅವರಲ್ಲೂ ಸ್ನೇರ್ ಎಂಬ ಚುರುಕು ನಾದದ ಡ್ರಮ್ಮಿನ ಸಾಲಿನಲ್ಲಿ ನಡುವೆ ನಿಂತ ಒಬ್ಬನದು. ಉಳಿದವರು ಕಣ್ಣಿಗೆ ಕಾಣುವುದನ್ನು ನಂಬದೆ, ಬೆನ್ನ ಹಿಂದಿನಿಂದ ಬಂದು ತಮ್ಮನ್ನು ದಾಟುವ ಏಟಿನ ಮೇಲೆ ತಮ್ಮ ಸ್ವರವನ್ನು ಏರಿಸುತ್ತಾರೆ, ಹರಿಯುವ ನೀರಿಗೆ ಹೂ ಬಿಟ್ಟ ಹಾಗೆ. ಹಿಂದಿನ ಶಬ್ದವೂ ಮುಂದಿನ ಶಬ್ದವೂ ಜೊತೆಯಾಗಿ ಪ್ರೇಕ್ಷಕರನ್ನು ತಲುಪುತ್ತವೆ. ಕೈಯನ್ನು ನೋಡುತ್ತಲೇ ಅದಕ್ಕಿಂತ ತಡವಾಗಿ ಊದುವುದು ಎಷ್ಟು ಹಿಂಸೆ ಎಂಬುದನ್ನು ನೀವು ಬಲ್ಲಿರಿ.

ಇನ್ನು ಬಾಸ್ ಡ್ರಮ್ಮಿನವರನ್ನು ನೋಡಿ. ಸಾಮಾನ್ಯವಾಗಿ ಐದು ಜನ, ಐದು ಗಾತ್ರ, ಐದು ಸ್ಥಾಯಿ. ಒಬ್ಬೊಬ್ಬರಿಗೂ ಇಡೀ ಸಾಲಿನಲ್ಲಿ ಒಂದೊಂದು ಏಟು ಮಾತ್ರ. ‘ತಕಧಿಮಿ’ ಎಂಬುದನ್ನು ನಾಲ್ಕು ಜನ ಹಂಚಿಕೊಂಡು, ಒಬ್ಬ ‘ತ’, ಒಬ್ಬ ‘ಕ’, ಒಬ್ಬ ‘ಧಿ’, ಒಬ್ಬ ‘ಮಿ’ ಎಂದು, ಒಂದೇ ಬಾಯಿಂದ ಬಂದಂತೆ ಹೇಳಬೇಕು ಎಂದುಕೊಳ್ಳಿ. ಅದೂ ನಾಲ್ಕನೆಯ ಕಾಲದಲ್ಲಿ, ಅಡ್ಡಡ್ಡ ಹೆಜ್ಜೆ ಹಾಕುತ್ತ. ಅಡ್ಡ ಹೆಜ್ಜೆಗೆ ಅಲ್ಲಿ ‘ಏಡಿ ನಡಿಗೆ’ ಎನ್ನುತ್ತಾರೆ. ಮೂಲ ಹೆಜ್ಜೆಯ ಅಳತೆ ಐದು ಗಜಕ್ಕೆ ಎಂಟು, ಎಂದರೆ ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ. ಪ್ರತಿಯೊಬ್ಬರ ಕೊರಳಲ್ಲೂ ಒಂದು ಪುಟ್ಟ ಪುಸ್ತಕ ನೇತಾಡುತ್ತಿರುತ್ತಿತ್ತು. ಒಂದು ಸಲ ಅಭ್ಯಾಸದ ಬಿಡುವಿನಲ್ಲಿ ಒಬ್ಬ ಹುಡುಗ ತನ್ನದನ್ನು ನನ್ನ ಕೈಗೆ ಕೊಟ್ಟ. ಪುಟ ಪುಟದಲ್ಲಿಯೂ ಬೆವರು ತಾಗಿ ಹರಡಿದ ಪೆನ್ಸಿಲ್ ಬರಹ: ‘ಎಡಭಾಗ, 45ರ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಮುಂದಿನ ಗುರುತಿನಿಂದ ಆರು ಹೆಜ್ಜೆ ಹಿಂದೆ.’ ನೂರಕ್ಕೂ ಮಿಕ್ಕಿ ಅಂತಹ ವಿಳಾಸಗಳು. ಇದಕ್ಕೆ ಅವರು ‘ಡಾಟ್’, ಚುಕ್ಕಿ, ಎನ್ನುತ್ತಾರೆ. ರಂಗೋಲಿಯ ಮಾತನ್ನು ನಾನು ಸುಮ್ಮನೆ ಎತ್ತಿದ್ದಲ್ಲ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಅವಕಾಶವಿದೆಯೇ? (ಓದುಗರು, ಕೊಪ್ಪಳ)

ಉತ್ತರ: ಇದೆ. ಹಿಂದೆ ಹುಡುಗರದೇ ತಂಡಗಳೂ ಇದ್ದವು, ನ್ಯೂ ಜೆರ್ಸಿಯ ಆಡುಬನ್ ಬಾನ್‌ಬಾನ್ಸ್‌ನಂತಹ ಹುಡುಗಿಯರದೇ ತಂಡಗಳೂ ಇದ್ದವು. 1938ರಲ್ಲಿ ಹುಟ್ಟಿದ ಮ್ಯಾಡಿಸನ್ ಸ್ಕೌಟ್ಸ್ ತಂಡ ಹುಡುಗಿಯರಿಗೆ ಬಾಗಿಲು ತೆರೆಯಲು ಎಂಬತ್ತು ವರ್ಷ ತೆಗೆದುಕೊಂಡಿತು. ತಡವಾಯಿತು.

ಪ್ರಶ್ನೆ: ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದು ಎಂದು ವಯಸ್ಸಾದವರು ಹೇಳುವುದು ಸಹಜ. ತಮ್ಮ ಅಭಿಪ್ರಾಯವೂ ಅದೇ ಇರಬೇಕಲ್ಲವೇ? (ಕಾಲೇಜು ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಅರ್ಧ ಅದೇ. ಮೊದಲು ಈ ಮಕ್ಕಳು ಊದುತ್ತಿದ್ದದ್ದು ‘ಜಿ’ ಶ್ರುತಿಯ ಕಹಳೆಗಳನ್ನು. ಕಹಳೆಗೆ ಬೆರಳಿಟ್ಟು ಒತ್ತುವ ಗುಂಡಿ ಎಷ್ಟಿರಬೇಕೆಂಬುದೇ ದಶಕಗಳ ಜಗಳ. ಮೂರು ಗುಂಡಿಗಳಿಗೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. 2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ಆಗಬಹುದೆಂದಾಯಿತು. ಇದಕ್ಕೆಲ್ಲ ನನ್ನ ತಕರಾರಿಲ್ಲ. ಜಿ ಕಹಳೆಗೆ ಒಂದು ಒರಟು ಹೊಳಪಿತ್ತು, ಆದರೆ ಶ್ರುತಿಯಲ್ಲಿ ನಿಲ್ಲಿಸುವುದು ಕಷ್ಟವಾಗಿತ್ತು. ಹಳೆಯ ಧ್ವನಿಮುದ್ರಿಕೆಗಳನ್ನು ಭಕ್ತಿಯನ್ನು ಬದಿಗಿಟ್ಟು ಕೇಳಿದರೆ ಅದು ಗೊತ್ತಾಗುತ್ತದೆ.

ತಕರಾರು ಇರುವುದು ವಿದ್ಯುತ್ತಿನ ಬಗ್ಗೆ. 2004ರಲ್ಲಿ ಮೈಕು ಬಂದಿತು, 2009ರಲ್ಲಿ ಕೀಬೋರ್ಡ್ ಮೊದಲಾದ ಎಲೆಕ್ಟ್ರಾನಿಕ್ ವಾದ್ಯಗಳು ಬಂದವು. ಮೈದಾನದ ಮುಂದಿನ ಅಂಚಿನಲ್ಲಿ ನಿಂತು ನುಡಿಸುವ ಮರಿಂಬಾ ಎಂಬ ಮರದ ಪಟ್ಟಿಗಳ ವಾದ್ಯಗಳಿಗೆ ಮೈಕು ಬೇಕಿತ್ತು, ಒಪ್ಪುತ್ತೇನೆ. ಮೊದಲೆಲ್ಲ ಆ ಮಕ್ಕಳು ಮರವನ್ನು ಬಡಿದು ಬಡಿದು ಅದರ ನಾದವನ್ನೇ ಕೊಲ್ಲುತ್ತಿದ್ದರು. ಆದರೆ ಸ್ಪೀಕರಿನಿಂದ ಹೊರಡುವ ಒಂದು ಮಂದ್ರದ ಗುಡುಗನ್ನು ಪ್ರತಿ ಮುಕ್ತಾಯದ ಕೆಳಗೂ ಹಾಸುವ ಚಟ ಬೆಳೆಯಿತು. ಅಭಿಮಾನಿಗಳು ಅದಕ್ಕೆ ‘ಗೂ’ ಎಂದು ಹೆಸರಿಟ್ಟಿದ್ದಾರೆ, ಅಂಟುಗೊಜ್ಜು ಎಂದುಕೊಳ್ಳಿ. ಎಂಬತ್ತು ಜನ ತಮ್ಮ ಶ್ವಾಸಕೋಶದಿಂದ ಎದೆ ನಡುಗಿಸುವುದು ಒಂದು, ಒಬ್ಬ ಬೆರಳಿನಿಂದ ಒಂದು ಕೀಲಿ ಒತ್ತಿ ನಡುಗಿಸುವುದು ಇನ್ನೊಂದು. ಎದೆಗೆ ಎರಡೂ ಒಂದೇ ಆಗಿ ತೋರಬಹುದು. ಬೇಲಿಯ ಹೊರಗೆ ನಿಂತು ಆ ಮಕ್ಕಳ ಬೆರಳಿನ ಪಟ್ಟಿಗಳನ್ನು ನೋಡಿದವನಿಗೆ ತೋರುವುದಿಲ್ಲ.

ಉಳಿದ ಅರ್ಧವನ್ನೂ ಹೇಳಬೇಕು. ಓಹಾಯೋ ರಾಜ್ಯದ ಕ್ಯಾಂಟನ್ ನಗರದ ಬ್ಲೂಕೋಟ್ಸ್ 2016ರಲ್ಲಿ ತಲೆಯ ಟೋಪಿ, ಎದೆಯ ಪಟ್ಟಿಗಳನ್ನೆಲ್ಲ ಕಳಚಿಟ್ಟು, ಮೈದಾನದಲ್ಲಿ ಇಳಿಜಾರು ಹಲಗೆಗಳನ್ನಿಟ್ಟು, ಎಲೆಕ್ಟ್ರಾನಿಕ್ ಧ್ವನಿಯನ್ನು ಧಾರಾಳವಾಗಿ ಬಳಸಿ ಮೊದಲ ಸಲ ಗೆದ್ದಿತು. ಬೈಯಲೆಂದೇ ಹೋಗಿ ಕುಳಿತಿದ್ದೆ. ಐದನೆಯ ನಿಮಿಷದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಅಲ್ಲಿ ಯಂತ್ರದ ಧ್ವನಿ ಮಕ್ಕಳ ಧ್ವನಿಯ ಕೊರತೆ ಮುಚ್ಚಲು ಬಂದಿರಲಿಲ್ಲ, ಅದರೊಂದಿಗೆ ಆಟವಾಡಲು ಬಂದಿತ್ತು. ಹಳಬರ ಗೊಣಗಾಟಕ್ಕೂ ಇತಿಹಾಸವಿದೆ. 1983ರವರೆಗೆ ಮೈದಾನದ ಚಿತ್ತಾರವೆಂದರೆ ನಡುಗೆರೆಯ ಎರಡೂ ಕಡೆ ಕನ್ನಡಿ ಹಿಡಿದಂತೆ ಸಮನಾಗಿರುವುದೇ ರೂಢಿ. ಆ ವರ್ಷ ಗಾರ್ಫೀಲ್ಡ್ ಕೆಡೆಟ್ಸ್‌ಗಾಗಿ ಜಾರ್ಜ್ ಝಿಂಗಾಲಿ ಅದನ್ನು ಒಡೆದು, ಎಳೆದು, ಒಂದು ಬದಿಗೆ ವಾಲಿಸಿ ಬರೆದರು. ತಂಡ ಆ ವರ್ಷವೂ ಮುಂದಿನ ಎರಡು ವರ್ಷವೂ ಗೆದ್ದಿತು. ನಾನು ಸಾಂತಾ ಕ್ಲಾರಾಕ್ಕೆ ಬಂದಾಗ ನನ್ನ ಪಕ್ಕದ ಆಸನಗಳಲ್ಲಿ ಕುಳಿತ ಹಿರಿಯರು ಆ ವಕ್ರರೇಖೆಗಳನ್ನು ಇನ್ನೂ ಶಪಿಸುತ್ತಿದ್ದರು.

ಪ್ರಶ್ನೆ: ಮಗಳು ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಮೆಲೋಫೋನ್ ಎಂಬ ಹಿತ್ತಾಳೆ ವಾದ್ಯ ನುಡಿಸುತ್ತಾಳೆ, ಡ್ರಮ್ ಕೋರ್ ಆಯ್ಕೆಗೆ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ಕಳಿಸಬಹುದೇ? (ತಾಯಿ, ಎಡಿಸನ್, ನ್ಯೂ ಜೆರ್ಸಿ)

ಉತ್ತರ: ಮೊದಲು ಹಣ. ಇದು ವೃತ್ತಿಯಲ್ಲ, ಯಾರಿಗೂ ಸಂಬಳವಿಲ್ಲ. ಮಕ್ಕಳೇ ಶುಲ್ಕ ಕಟ್ಟಬೇಕು. ಈಚಿನ ವರ್ಷಗಳಲ್ಲಿ ದೊಡ್ಡ ತಂಡಗಳ ಶುಲ್ಕ ಹಲವು ಸಾವಿರ ಡಾಲರ್, ಶಿಬಿರಗಳಿಗೆ ವಿಮಾನದಲ್ಲಿ ಓಡಾಡುವ ಖರ್ಚು ಬೇರೆ. ಬೇಸಿಗೆಯಲ್ಲಿ ದುಡಿದು ಕಾಲೇಜಿಗೆ ಹಣ ಕೂಡಿಸಬೇಕಾದ ಮಕ್ಕಳು ಈ ಕಾರಣಕ್ಕೇ ಹೊರಗುಳಿಯುತ್ತಾರೆ, ಈ ಕಲೆಯ ಬಗ್ಗೆ ನನಗಿರುವ ಅತ್ಯಂತ ದೊಡ್ಡ ಅಸಮಾಧಾನ ಇದೇ, ಸ್ಪೀಕರಿನದಲ್ಲ.

ದೇಹದ ವಿಷಯ: ರಾತ್ರಿ ಬಸ್ಸಿನಲ್ಲಿ ಪಯಣ, ಬೆಳಗಿನ ಜಾವ ಯಾವುದೋ ಶಾಲೆಯ ವ್ಯಾಯಾಮ ಮಂದಿರದ ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ, ಮತ್ತೆ ಬಿಸಿಲಿನಲ್ಲಿ ಅಭ್ಯಾಸ, ಸಂಜೆ ಪ್ರದರ್ಶನ. ಲಾರಿಯೊಳಗಿನ ಅಡುಗೆಮನೆಯಿಂದ ದಿನಕ್ಕೆ ನಾಲ್ಕು ಊಟ. ಸಸ್ಯಾಹಾರ ಸಿಗುತ್ತದೆ, ಆದರೆ ಅನ್ನ ಸಾರು ನೆನೆದು ಅವಳು ಒಂದೆರಡು ರಾತ್ರಿ ಫೋನು ಮಾಡಿಯಾಳು.

ಸುರಕ್ಷತೆಯನ್ನು ನೀವು ಕೇಳಿಲ್ಲ, ಕೇಳಬೇಕಿತ್ತು. 2018ರಲ್ಲಿ ಈ ವಲಯದಲ್ಲಿ ಲೈಂಗಿಕ ದುರ್ವರ್ತನೆಯ ಗಂಭೀರ ಆರೋಪಗಳು ಪತ್ರಿಕೆಗಳಲ್ಲಿ ಬಂದವು, ಆಮೇಲೆ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ ಮೊದಲಾದ ನಿಯಮಗಳು ಬಿಗಿಯಾದವು. ನಿಯಮ ಕಾಗದದ ಮೇಲಿದ್ದರೆ ಸಾಲದು. ದೂರು ಕೊಡುವುದು ಯಾರಿಗೆ, ವೈದ್ಯಕೀಯ ನೆರವು ಯಾರು ನೋಡುತ್ತಾರೆ ಎಂಬುದನ್ನು ತಂಡದವರ ಬಾಯಿಂದಲೇ ಕೇಳಿ. ಉತ್ತರಿಸಲು ತಡವರಿಸಿದರೆ ಬೇರೆ ತಂಡ ನೋಡಿ. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ವಯೋಮಿತಿ ಮುಗಿಯುತ್ತದೆ, ಅದನ್ನು ಅವರು ‘ಏಜ್ ಔಟ್’ ಎನ್ನುತ್ತಾರೆ. ಹಾಗಾಗಿ ಅವಳಿಗೆ ಇನ್ನೂ ನಾಲ್ಕೈದು ಬೇಸಿಗೆಗಳಿವೆ. ಈ ವರ್ಷ ಆಯ್ಕೆ ಶಿಬಿರಕ್ಕೆ ಮಾತ್ರ ಕಳಿಸಿ. ಆಯ್ಕೆಯಾಗದಿದ್ದರೂ ಆ ಎರಡು ಮೂರು ದಿನಗಳ ಕಲಿಕೆ ಶಾಲೆಯ ಒಂದು ವರ್ಷಕ್ಕೆ ಸಮ.

ಪ್ರಶ್ನೆ: ತಾವು ಕಂಡ ತಂಡಗಳು ಈಗಲೂ ಇವೆಯೇ? (ಓದುಗರು, ಹಾಸನ, ಎರಡನೆಯ ಪತ್ರ)

ಉತ್ತರ: ಕೆಲವಿವೆ. ಬಸ್ಸು, ಡೀಸೆಲ್, ಶಾಲೆಗಳ ಬಾಡಿಗೆ ಏರಿದಂತೆಲ್ಲ ತ್ರಾಣವಿಲ್ಲದವು ನಿಂತುಹೋದವು. 1934ರಲ್ಲಿ ಹುಟ್ಟಿ, ಡಿಸಿಐನಲ್ಲಿ ಹತ್ತು ಸಲ ಗೆದ್ದ ಕೆಡೆಟ್ಸ್ 2024ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಹಳೆಯ ಲೈಂಗಿಕ ದೌರ್ಜನ್ಯದ ಮೊಕದ್ದಮೆಯೊಂದರ ಭಾರವೂ ಅದರ ಹಿಂದಿತ್ತು. ನನ್ನ ವ್ಯಾನ್‌ಗಾರ್ಡ್, ಬಿಂಗೊ ಜೂಜಿನ ಸಭಾಂಗಣ ನಡೆಸಿ ಬಂದ ಹಣದಲ್ಲಿ ದಶಕಗಟ್ಟಲೆ ಬದುಕಿದ ತಂಡ, 2023ರಲ್ಲಿ ಹಣದ ಮುಗ್ಗಟ್ಟಿನಿಂದ ಇಡೀ ಬೇಸಿಗೆ ಮನೆಯಲ್ಲೇ ಕುಳಿತು, ಮರುವರ್ಷ ಮರಳಿತು. ಅದು ಹೊರಗುಳಿದ ವರ್ಷ ನಾನು ಮೈಸೂರಿನಲ್ಲಿದ್ದು ಸ್ಪರ್ಧೆಯನ್ನೇ ನೋಡಲಿಲ್ಲ. ಬೋಸ್ಟನ್ ಕ್ರುಸೇಡರ್ಸ್ ಎಂಬ ತಂಡ ಇದಕ್ಕೆ ವಿರುದ್ಧ. 1940ರಲ್ಲಿ ಹುಟ್ಟಿ, ಡಿಸಿಐ ಸ್ಥಾಪನೆಯಲ್ಲೂ ಪಾಲ್ಗೊಂಡು, ಮೊದಲ ಸಲ ಗೆಲ್ಲಲು 2025ರವರೆಗೆ ಕಾಯಿತು.

ನಾನು ಮೈದಾನದಲ್ಲಿ ಕುಳಿತು ನೋಡಿದ ಕೊನೆಯ ಅಂತಿಮ ಸ್ಪರ್ಧೆ 2018ರದು, ಇಂಡಿಯಾನಾಪೊಲಿಸ್‌ನಲ್ಲಿ. ವ್ಯಾನ್‌ಗಾರ್ಡ್ ಹತ್ತೊಂಬತ್ತು ವರ್ಷಗಳ ನಂತರ ಗೆದ್ದಿತು. ಫಲಿತಾಂಶದ ನಂತರ ಹೊರಗಿನ ವಾಹನ ನಿಲ್ದಾಣದಲ್ಲಿ ಒಬ್ಬ ಹುಡುಗ ತನ್ನ ಡ್ರಮ್ಮನ್ನು ಲಾರಿಗೆ ಏರಿಸದೆ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದ. ಗೆಳೆಯರು ಕರೆದರೂ ಇಳಿಸಲಿಲ್ಲ. ಅವನಿಗೆ ಅದು ಏಜ್ ಔಟ್ ವರ್ಷವಿರಬೇಕು.

ಪ್ರಶ್ನೆ: ಇಲ್ಲಿಂದ ನೋಡುವುದು ಹೇಗೆ? (ಓದುಗರು, ಹುಬ್ಬಳ್ಳಿ)

ಉತ್ತರ: ಫ್ಲೋಮಾರ್ಚಿಂಗ್ ಎಂಬ ಜಾಲತಾಣದಲ್ಲಿ ಚಂದಾ ಕಟ್ಟಿದರೆ ನೇರ ಪ್ರಸಾರ ಸಿಗುತ್ತದೆ; ಹಳೆಯ ಪ್ರದರ್ಶನಗಳ ತುಣುಕುಗಳು ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿವೆ. ಅಂತಿಮ ಸ್ಪರ್ಧೆ ಅಲ್ಲಿ ಆಗಸ್ಟಿನ ಶನಿವಾರ ರಾತ್ರಿ, ನಮಗೆ ಭಾನುವಾರದ ನಸುಕು. ಕೊನೆಯ ತಂಡ ಮೈದಾನಕ್ಕೆ ಇಳಿಯುವ ಹೊತ್ತಿಗೆ ಮನೆಗೆ ಹಾಲು ಬಂದಿರುತ್ತದೆ. ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫೋನಿನ ಸ್ಪೀಕರಿನಲ್ಲಿ ಒಂಬತ್ತು ಸ್ನೇರ್ ಡ್ರಮ್ಮುಗಳು ಸಾರಿನ ಒಗ್ಗರಣೆಯಂತೆ ಕೇಳಿಸುತ್ತವೆ.